ನನ್ನ ಹೆಸರಿನ ಕಾರು

ನೆರಿಯ
ತಾ. 9-10-2025

ಚಿತ್ರಾಳಿಗೆ ನೀಲಾವತಿ ಬರೆಯುವುದು.

ಅತ್ತೆ ಎಂದು ಬರೆಯಬೇಕೋ ಬೇಡವೋ ತಿಳಿಯಲಿಲ್ಲ. ಕೋರ್ಟು ಬೇರೆ ಮಾಡಿದ್ದು ನಿನ್ನನ್ನೂ ನನ್ನ ಮಗ ನಿತೇಶನನ್ನೂ. ನನ್ನನ್ನು ಯಾರೂ ಕೇಳಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು ನಾನು, ಅಕ್ಷರ ಓರೆಕೋರೆ ಇರುತ್ತದೆ. ನೀನೇ ಓದು, ವಿಸ್ಮಿತಾಳ ಕೈಗೆ ಕೊಡಬೇಡ. ಅವಳ ಅಪ್ಪನ ವಿಷಯ ಉಂಟು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನು ನಿತೇಶ ಕೊಡಿಸಿದ್ದು, ಅದರೊಳಗೆ ಏನು ಇಟ್ಟಿದ್ದಾನೋ ಯಾರಿಗೆ ಗೊತ್ತು.

ಹೋದ ತಿಂಗಳು ರೇಶನ್ ಅಂಗಡಿಗೆ ಹೋದೆ. ಅಂಗಡಿಯ ರುಕ್ಮಯ್ಯ ನನ್ನ ಬೆರಳು ಒತ್ತಿಸಿ, "ನೀಲಾವತಿಯಕ್ಕ, ಇನ್ನು ಅಕ್ಕಿ ಬರುವುದಿಲ್ಲ, ನಿಮ್ಮ ಬಿಪಿಎಲ್ ಕಾರ್ಡು ರದ್ದಾಗಿದೆ" ಎಂದ. ತೂಕದಲ್ಲಿ ಹೊಡೆಯುತ್ತೀ ಎಂದು ಅವನಿಗೆ ಒಮ್ಮೆ ಬೈದಿದ್ದೆ, ಅದಕ್ಕೆ ಸೇಡು ತೀರಿಸಿದ ಎಂದುಕೊಂಡೆ. ಮನೆಗೆ ನಡೆದು ಬರುವಾಗ ಬೇರೆಯೇ ಹೊಳೆಯಿತು. ಇದು ನಿನ್ನ ಕೆಲಸ. ಮಗುವಿನ ಜೀವನಾಂಶ ಸಿಕ್ಕಲಿಲ್ಲವೆಂದು ಮೂಡುಬಿದಿರೆಯಲ್ಲಿ ಕೂತು ನನ್ನ ಅಕ್ಕಿಯ ಮೇಲೆ ಅರ್ಜಿ ಬರೆದಿದ್ದೀ. ದಾರಿಯುದ್ದಕ್ಕೂ ನಿನಗೆ ಬೈದೆ. ಏನೆಲ್ಲ ಬೈದೆ ಎಂದು ಬರೆಯುವುದಿಲ್ಲ, ಕಾಗದ ಸಾಲದು.

ಮರುದಿನವೇ ಬೆಳ್ತಂಗಡಿಯ ತಾಲೂಕು ಆಫೀಸಿಗೆ ಹೋದೆ. ಕಂಪ್ಯೂಟರಿನ ಎದುರು ಸಬೀಹಾ ಎಂಬ ಹುಡುಗಿ ಇದ್ದಳು. ನನ್ನ ಸೊಸೆ ಕೊಟ್ಟ ಅರ್ಜಿ ತೋರಿಸು ಎಂದೆ. "ಯಾರ ಅರ್ಜಿಯೂ ಇಲ್ಲ ಅಜ್ಜಿ. ನಿಮ್ಮ ಹೆಸರಲ್ಲಿ ವೈಟ್ ಬೋರ್ಡ್ ಕಾರು ಉಂಟಲ್ಲ, ಬಾಡಿಗೆಯದ್ದಲ್ಲ, ಸ್ವಂತದ್ದು, ಅದಕ್ಕೆ ಕಾರ್ಡು ಹೋದದ್ದು" ಎಂದಳು. ಬೋರ್ಡು ಎಂದರೆ ನಾನು ಕಂಡದ್ದು ಶಾಲೆಯ ಕಪ್ಪು ಬೋರ್ಡು, ಅದೂ ನಾಲ್ಕೇ ವರ್ಷ ಮಾರಾಯ್ತಿ ಎಂದು ಬೊಬ್ಬೆ ಹೊಡೆದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಒಬ್ಬ, "ಅಜ್ಜಿ, ಹೋಗುವಾಗ ನನ್ನನ್ನೂ ಚಾರ್ಮಾಡಿಯವರೆಗೆ ಬಿಡ್ತೀರಾ?" ಎಂದ. ಸಬೀಹಾ ಮಾತ್ರ ನಗಲಿಲ್ಲ. ಕಾರಿನ ನಂಬರು ಒಂದು ಚೀಟಿಯಲ್ಲಿ ಬರೆದು ಕೊಟ್ಟಳು.

ಮನೆಗೆ ಬಂದು ಚೀಟಿ ಹಿಡಿದು ಅಂಗಳದಲ್ಲಿ ನಿಂತೆ. ನಿತೇಶ ಓಡಿಸುವ ಬಿಳಿ ಕಾರಿನ ನಂಬರೇ ಅದು.

"ಅದು ಬಂಟ್ವಾಳದ ಅಬ್ದುಲ್ ನಾಸಿರನದ್ದು, ನಾನು ದಿನಗೂಲಿಯ ಡ್ರೈವರ್" ಎಂದೇ ನಿತೇಶ ನನಗೆ ಹೇಳಿದ್ದು. ಕೋರ್ಟಿನಲ್ಲಿ ನಿನ್ನೆದುರೂ ಅದನ್ನೇ ಹೇಳಿದ್ದನಲ್ಲ, ನನ್ನ ಹೆಸರಲ್ಲಿ ಒಂದು ಸೈಕಲ್ ಸಹ ಇಲ್ಲ ಎಂದು. ನಾನು ನಂಬಿದೆ. ಹೋದ ವರ್ಷ ಧರ್ಮಸ್ಥಳಕ್ಕೆ ಅದೇ ಕಾರಿನಲ್ಲಿ ಹೋದದ್ದು. ಧಣಿಯ ಕಾರು ಕೊಳೆಯಾಗಬಾರದೆಂದು ಚಪ್ಪಲಿ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ನನ್ನದೇ ಕಾರಿನಲ್ಲಿ!

ಆದರೂ ಒಬ್ಬರ ಮಾತು ಕೇಳಿ ತೀರ್ಮಾನ ಮಾಡುವವಳು ನಾನಲ್ಲ. ಬಸ್ಸು ಹಿಡಿದು ಬಂಟ್ವಾಳಕ್ಕೆ ಹೋಗಿ ನಾಸಿರನನ್ನು ಹುಡುಕಿದೆ. ಪಾಪ, ಕುರ್ಚಿ ಕೊಟ್ಟು ಶರಬತ್ತು ತರಿಸಿದ. "ಆ ಕಾರು ಮಾರಿ ಎರಡು ವರ್ಷ ಆಯ್ತಲ್ಲ ಅಮ್ಮ. ಕಾಗದಕ್ಕೆ ಸಹಿ ಹಾಕಿದ್ದು ನೀವೇ, ನಿತೇಶ ತಂದುಕೊಟ್ಟ" ಎಂದ. ಶರಬತ್ತಿನ ಗ್ಲಾಸು ಕೆಳಗಿಟ್ಟೆ. ಜೀವನಾಂಶ ಕೊಡಬೇಕೆಂದು ಕೋರ್ಟು ಆರ್ಡರ್ ಮಾಡಿದ ಮರುತಿಂಗಳು, ವಿಧವಾ ವೇತನದ ಕಾಗದ ಎಂದು ಹೇಳಿ ನನ್ನಿಂದ ನಾಲ್ಕು ಕಡೆ ಸಹಿ ಹಾಕಿಸಿದ್ದ. ಹೆಬ್ಬೆಟ್ಟು ಒತ್ತುವವಳಲ್ಲ, ಸಹಿ ಹಾಕುತ್ತೇನೆ ಎಂದು ಜಂಬದಿಂದಲೇ ಹಾಕಿದ್ದೆ. ಓದಿ ಹಾಕಲಿಲ್ಲ.

ನಿತೇಶನನ್ನು ಕೂರಿಸಿ ಕೇಳಿದೆ. ಮೊದಲು ನಕ್ಕ. "ಕಾರ್ಡು ಹೋದರೆ ಹೋಗಲಿ ಅಮ್ಮ, ಅಕ್ಕಿ ನಾನು ತಂದು ಹಾಕ್ತೇನೆ" ಎಂದ. ಮಗಳಿಗೆ ಹಾಕದವನು ನನಗೆ ಹಾಕುತ್ತೀಯಾ ಎಂದೆ. ಜೀವನಾಂಶ ಕೊಟ್ಟರೆ ಚಿತ್ರಾ ಅದರಲ್ಲಿ ಚಿನ್ನ ಮಾಡಿಸುತ್ತಾಳೆ ಎಂದು ಹೇಳಿದ್ದೀಯಲ್ಲ, ಅದು ನಿಜವೆಂದು ಧರ್ಮಸ್ಥಳದ ಹೆಸರಲ್ಲಿ ಆಣೆ ಹಾಕು ಎಂದೆ. ನಮ್ಮ ಕಡೆ ಎಂಥ ಸುಳ್ಳನೂ ಆ ಹೆಸರು ಎತ್ತಿದರೆ ಬಾಯಿ ಮುಚ್ಚುತ್ತಾನೆ. ಇವನೂ ಮುಚ್ಚಿದ. ಅಂಗಳ ಇಳಿಯುವಾಗ ತಿರುಗಿ, "ನೀನು ಬಾಯಿ ಬಿಟ್ಟರೆ ನನ್ನನ್ನು ಒಳಗೆ ಹಾಕ್ತಾರೆ, ನೆನಪಿರಲಿ" ಎಂದ. ಹೆತ್ತವಳಿಗೆ ಹೇಳುವ ಮಾತಾ ಅದು? ಆದರೆ ಸುಳ್ಳಲ್ಲ. ಅದಕ್ಕೇ ಈ ಕಾಗದ ಬರೆಯಲು ಇಷ್ಟು ದಿನ ಹಿಡಿಯಿತು.

ಈಗ ಕೇಳು. ಚೀಟಿ ಒಳಗೆ ಇಟ್ಟಿದ್ದೇನೆ, ನಿನ್ನ ವಕೀಲರಿಗೆ ಕೊಡು. ಸಾಕ್ಷಿಗೆ ನನ್ನ ಹೆಸರು ಬರೆಯಲಿ. ತಾರೀಕು ಹೇಳಿದರೆ ಮೂಡುಬಿದಿರೆಯ ಕೋರ್ಟಿಗೆ ಬಂದು, ಕಾರು ಯಾರದ್ದು, ಸಹಿ ಹೇಗೆ ಬಂತು ಎಂದು ಹೇಳುತ್ತೇನೆ. ಬಾಕಿ ಕಟ್ಟಿದರೆ ಅವನನ್ನು ಯಾರೂ ಒಳಗೆ ಹಾಕುವುದಿಲ್ಲ. ಕಾರು ಮಾರಿ ಕಟ್ಟಲಿ. ಮಾರುವುದಿಲ್ಲ ಎಂದರೆ, ಮಾರಲು ಸಹಿ ಬೇಕಾದದ್ದು ನನ್ನದೇ ಅಲ್ಲವಾ? ಈ ಸಲ ಓದಿ ಹಾಕುತ್ತೇನೆ.

ನಿನ್ನನ್ನು ಪೂರ್ತಿ ನಂಬಿದ್ದೇನೆ ಎಂದು ತಿಳಿಯಬೇಡ. ದುಡ್ಡು ಬಂದ ಮೇಲೆ ವಿಸ್ಮಿತಾಳ ಶಾಲೆಯ ರಸೀದಿ ನನಗೆ ಕಳಿಸು. ಕೋಪ ಬರುತ್ತದಾ? ಬರಲಿ. ಅವಳು ಬೆಳೆದಿರಬಹುದು, ಒಂದು ಫೋಟೋ ಸಹ ಇಡು. ಉತ್ತರ ಇಲ್ಲಿಗೆ ಹಾಕಬೇಡ, ಇಲ್ಲಿ ಕಾಗದ ಯಾರ ಕೈಗೆ ಸಿಕ್ಕುತ್ತದೋ ಗೊತ್ತಿಲ್ಲ. ರುಕ್ಮಯ್ಯನ ಅಂಗಡಿಯ ವಿಳಾಸಕ್ಕೆ ಹಾಕು. ಅವನ ಹತ್ತಿರ ತಪ್ಪಾಯಿತು ಎಂದು ಹೇಳಿ ಬಂದಿದ್ದೇನೆ. ತೂಕದ ವಿಷಯ ಅಲ್ಲ, ಅದರಲ್ಲಿ ಸಂಶಯ ಇನ್ನೂ ಉಂಟು.

ಇಂತಿ,
ವಿಸ್ಮಿತಾಳ ಅಜ್ಜಿ
ನೀಲಾವತಿ

ತಾ.ಕ.: ಮಡಚಿದ ಕಾಗದ ಮತ್ತೆ ಬಿಚ್ಚಿದೆ. ಬಾಕಿ ವಸೂಲಿಗೆ ನೀನು ಹಾಕಿದ ಅರ್ಜಿಯ ನೋಟೀಸು, ಆಸಾಮಿ ಗಲ್ಫಿಗೆ ಹೋಗಿದ್ದಾನೆ ಎಂದು ವಾಪಸು ಬಂತಲ್ಲ. ಹಾಗೆ ಹೇಳಿಸಿದ್ದು ನಿತೇಶ ಎಂದು ನೀನು ತಿಳಿದಿರಬಹುದು. ಅಲ್ಲ. ನೋಟೀಸು ತಂದವನಿಗೆ ಅಂಗಳದಲ್ಲಿ ನಿಂತು ನಾನೇ ಹೇಳಿದ್ದು, ಯಾರೂ ಹೇಳಿಕೊಡಲಿಲ್ಲ. ಆಗ ನಿತೇಶ ಒಳಗೆ ಗಂಜಿ ಉಣ್ಣುತ್ತಿದ್ದ. ಬಡಿಸಿ ಹೊರಗೆ ಬಂದವಳೇ ನಾನು. ಕೋರ್ಟಿನಲ್ಲಿ ಮೊದಲು ಇದನ್ನು ಹೇಳುತ್ತೇನೆ, ಕಾರಿನ ವಿಷಯ ಆಮೇಲೆ. ಇದನ್ನು ಮುಚ್ಚಿಟ್ಟರೆ ಜಡ್ಜರು ನನ್ನನ್ನು ಯಾಕೆ ನಂಬಬೇಕು? ನಾನಾಗಿದ್ದರೆ ನಂಬುತ್ತಿರಲಿಲ್ಲ.