ನಾನು ಹಾಕದ ಸಹಿ

ಗುಮಾಕಾ
12 ಸೆಪ್ಟೆಂಬರ್ 1988, ಸೋಮವಾರ

ಪ್ರೀತಿಯ ಕೊನ್ಸಿಂಗ್,

ನೀನೂ ಅಕ್ಕನ ಮನೆಯವರೂ ಆರೋಗ್ಯವಾಗಿದ್ದೀರೆಂದು ಬಸ್ಸಿನ ಕಂಡಕ್ಟರ್ ಹೇಳಿದ. ಹೆಂಡತಿಯ ಕ್ಷೇಮಸಮಾಚಾರವನ್ನು ಕಂಡಕ್ಟರನ ಬಾಯಿಂದ ಕೇಳುವ ಗತಿ ನನಗೆ ಬಂದಿದೆ, ತಪ್ಪು ನನ್ನದೇ. ಐದು ವಾರ ಬರೆಯಲಿಲ್ಲ, ಕ್ಷಮಿಸು. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ನಿನ್ನ ಹೆಸರಿನ ಮುಂದೆ ಕೈ ಓಡಲಿಲ್ಲ.

ಸೆಪಾ ಅಡುಗೆಗೆ ಬರುತ್ತಿದ್ದಾಳೆ. ನನ್ನ ಮೇಲಿನ ಸಿಟ್ಟನ್ನೆಲ್ಲ ಉಪ್ಪಿನಲ್ಲಿ ತೀರಿಸಿಕೊಳ್ಳುತ್ತಾಳೆ. ಕಪ್ಪು ಹಂದಿ ಏಳು ಮರಿ ಹಾಕಿದೆ. ಗೇಟಿನ ಮೇಲಿದ್ದ 'ಕಂಪನಿಯ ಪ್ರತಿನಿಧಿ' ಎಂಬ ಹಿತ್ತಾಳೆ ಫಲಕವನ್ನು ಬಿಚ್ಚಿಬಿಟ್ಟೆ. ಹನ್ನೆರಡು ವರ್ಷ ಅದನ್ನು ಉಜ್ಜಿ ಹೊಳಪಿಟ್ಟವಳು ನೀನು, ಅದರ ಕೆಳಗೆ ಎದೆಯುಬ್ಬಿಸಿ ನಿಂತವನು ನಾನು. ಹೊರದೇಶದ ಕಂಪನಿ ಇಲ್ಲಿ ವ್ಯಾಪಾರ ಮಾಡಬೇಕಾದರೆ ಇಲ್ಲಿಯವನೇ ಒಬ್ಬ ಪ್ರತಿನಿಧಿ ಇರಬೇಕು, ಅವನ ಕೈಗೆ ಕೊಟ್ಟ ಕೋರ್ಟಿನ ಕಾಗದ ಸಮುದ್ರದಾಚೆಯ ಮಾಲೀಕರ ಕೈಗೇ ಕೊಟ್ಟಂತೆ ಎಂದು ಕಾನೂನಿದೆ. ಆ ಕೈ ನನ್ನದು ಎಂದು ಊರಿಡೀ ಹೇಳಿಕೊಂಡು ತಿರುಗಿದ್ದೆ.

ಆಗಸ್ಟ್ ಒಂದರ ಮಧ್ಯಾಹ್ನದ ಸಂಗತಿಯನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಕಂಪನಿಯ ಗಣಿಯ ಕೆಸರುಕೆರೆಯ ಏರಿ ಬಿರುಕು ಬಿಟ್ಟಿದೆ ಎಂದು ಟಗ್ಬಾಕ್ ಹಳ್ಳಿಯ ನಲವತ್ತೊಂದು ಮನೆಯವರು ದಾವೆ ಹೂಡಿದ್ದರು. ಗಣಿ ನಿಲ್ಲಿಸಿ, ಕೆಳಗಿನ ಜನರನ್ನು ತೆರವು ಮಾಡಿಸಿ ಎಂದು ಕೋರ್ಟು ಆದೇಶ ಕೊಟ್ಟಿತ್ತು. ಬೆಳಿಗ್ಗೆಯೇ ಕಂಪನಿಯ ವಕೀಲ ಮಾನ್‌ಫೋರ್ಟ್ ಮನಿಲಾದಿಂದ ಫೋನ್ ಮಾಡಿದ್ದ. "ಕಾಗದ ಮುಟ್ಟಬೇಡಿ ಹೊನೊರಾತೊ. ನಿಮ್ಮ ಕೈಗೆ ಬರ್ಲಿಲ್ಲ ಅಂದ್ರೆ ಕಂಪನಿಗೆ ಗೊತ್ತೇ ಇಲ್ಲ ಅಂತಾಯ್ತು. ಅದು ಮನಿಲಾ ಸುತ್ಕೊಂಡು ಬರೋ ಹೊತ್ತಿಗೆ ನಾವು ಗಂಟುಮೂಟೆ ಕಟ್ಟಿರ್ತೀವಿ."

ಕೋರ್ಟಿನ ಜವಾನ ತಾಸ್ಯೊ ಬಂದರು. ಬಂದದ್ದು ದೆವ್ವವಲ್ಲ ಎಂದು ತಿಳಿಯಲಿ ಅಂತ ನಮ್ಮಲ್ಲಿ ಎಲ್ಲರೂ ಕೂಗುವಂತೆ ಗೇಟಿನಾಚೆ ನಿಂತು "ಮನುಷ್ಯ ಬಂದಿದೀನಿ!" ಎಂದು ಮೂರು ಸಲ ಕೂಗಿದರು. ನಾನು ಬಚ್ಚಲಲ್ಲಿ ಅಡಗಿದ್ದೆ. ಯಜಮಾನರು ಊರಲ್ಲಿಲ್ಲ ಎಂದಳು ಸೆಪಾ. "ಚಪ್ಪಲಿ ಇಲ್ಲೇ ಬಿಟ್ಟು ಬರಿಗಾಲಲ್ಲೇ ಊರು ಬಿಟ್ರೇನಮ್ಮ?" ಎಂದು ತಾಸ್ಯೊ ನಕ್ಕು ಹೋದರು. ಯಾವ ಕಾಗದವೂ ನನಗೆ ತಲುಪಿಲ್ಲ ಎಂದು ಆ ಸಂಜೆಯೇ ಕೋರ್ಟಿಗೆ ಪ್ರಮಾಣಪತ್ರ ಬರೆದುಕೊಟ್ಟೆ. ನಾಲ್ಕನೇ ತಾರೀಖು ಏರಿ ಒಡೆಯಿತು. ತಾಸ್ಯೊ ಟಗ್ಬಾಕ್‌ನವರು, ಹನ್ನೊಂದನೇ ತಾರೀಖು ಮನೆಯ ಕೆಸರು ತೋಡಿದಾಗ ಮಲಗಿದ ಚಾಪೆಯ ಮೇಲೇ ಸಿಕ್ಕಿದರು.

ನೀನು ಹೋದ ಮೇಲೆ ದಿನಾ ಮಧ್ಯಾಹ್ನದ ತಿಂಡಿ ಹೊತ್ತಿಗೆ ಗೇಟಿನ ಬಳಿ ಯಾರೋ ನಿಲ್ಲುತ್ತಾರೆ. ನಾಯಿ ಬೊಗಳುವುದಿಲ್ಲ, ಬಾಲ ಮುದುರಿ ಒಲೆಯ ಹಿಂದೆ ಸೇರುತ್ತದೆ. ಮೊದಲು ನೋಡಿದವಳು ಸೆಪಾ. "ಯಜಮಾನ್ರೇ, ಅವ್ರು ಕೂಗ್ತಾನೂ ಇಲ್ಲ, ಹೋಗ್ತಾನೂ ಇಲ್ಲ. ಮನುಷ್ಯ ಅಂತ ಬಾಯಿಬಿಟ್ಟು ಹೇಳ್ದೇ ಇರೋರಿಗೆ ನಾನಂತೂ ಗೇಟ್ ತೆಗಿಯಲ್ಲ." ಅವರು ಹೋದ ಮೇಲೆ ನೋಡಿದರೆ ಬಿಸಿಲಲ್ಲೂ ಆರದ ಬೂದು ಕೆಸರು. ಭಯವಾಗುತ್ತದೆ ಕೊನ್ಸಿಂಗ್, ಸುಳ್ಳೇಕೆ ಹೇಳಲಿ.

ಹೋದ ವಾರ ಕೋರ್ಟಿನ ಗುಮಾಸ್ತೆ ಲೂಮಿಂಗ್ ಕರೆಸಿ ಒಂದು ರಸೀತಿ ತೋರಿಸಿದಳು. ಆದೇಶವೂ ದಾವೆಯ ಕಾಗದವೂ ಆಗಸ್ಟ್ ಒಂದರಂದೇ ತಲುಪಿವೆ ಎಂದು ಅದರ ಮೇಲೆ ನನ್ನ ಸಹಿ, ಕೋರ್ಟಿಗೆ ಬಂದ ಮುದ್ರೆ ಆಗಸ್ಟ್ ಒಂಬತ್ತರದು!

"ಇದನ್ನ ಯಾರು ತಂದ್ರು?" ಎಂದೆ.

"ತಾಸ್ಯೊ ಅವ್ರೇ. ಕಾಲು ಒರೆಸ್ಕೊಂಡು ಬನ್ನಿ ಅಂತ ನಾನೇ ಬೈದೆ ಸಾರ್. ಮಾತೇ ಆಡ್ಲಿಲ್ಲ. ಸದ್ಯ, ಬದುಕಿದಾರಲ್ಲ ಅನ್ಕೊಂಡೆ." ಹೇಳುತ್ತ ಹೇಳುತ್ತ ಅವಳು ಅತ್ತುಬಿಟ್ಟಳು.

ರಸೀತಿ ನಿಜವೆಂದಾದರೆ, ಟಗ್ಬಾಕ್‌ನವರಿಗೆ ಉತ್ತರ ಹೇಳದೆ ಕಂಪನಿ ದೇಶ ಬಿಡುವಂತಿಲ್ಲ. ನಾಳೆ ನ್ಯಾಯಾಧೀಶರು ನನ್ನನ್ನು ನಿಲ್ಲಿಸಿ ಸಹಿ ಯಾರದೆಂದು ಕೇಳುತ್ತಾರೆ. "ನನ್ದಲ್ಲ ಅಂದ್ಬಿಡಿ. ನಿಜ ತಾನೇ ಹೇಳೋದು, ಭಯ ಯಾಕೆ?" ಎಂದು ಮಾನ್‌ಫೋರ್ಟ್ ನಕ್ಕ. ನಿಜ ಹೇಳಿದರೆ ಕಂಪನಿ ಹಡಗು ಹತ್ತುತ್ತದೆ. ನನ್ನದೆಂದು ಸುಳ್ಳು ಹೇಳಿದರೆ ಅಂದು ಸುಳ್ಳು ಪ್ರಮಾಣ ಮಾಡಿದವನೆಂದು ನಾನು ಜೈಲಿಗೆ. ನನ್ನ ಪ್ರಾಮಾಣಿಕತೆಗೆ ಇಂಥ ಬೆಲೆ ಬಂದದ್ದು ಜೀವನದಲ್ಲಿ ಇದೇ ಮೊದಲು.

ಬಾ ಎನ್ನುವ ಮುಖ ನನಗಿಲ್ಲ. ಮಳೆಯಲ್ಲಿ ನೆನೆಯಬೇಡ, ನಿನ್ನ ಎದೆನೋವಿನ ಎಣ್ಣೆಯನ್ನು ಇದೇ ಕಂಡಕ್ಟರನ ಕೈಲಿ ಕಳಿಸಿದ್ದೇನೆ. ಅಕ್ಕನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಮಾತೆ ಮರಿಯ ನಿನ್ನನ್ನು ತನ್ನ ಸೆರಗಿನಲ್ಲಿಟ್ಟು ಕಾಯಲಿ.

ನಿನ್ನ,
ಹೊನೊರಾತೊ

ಮತ್ತೊಂದು ಮಾತು: ಆ ಸಹಿ ಯಾರದೆಂದು ನನಗೆ ಗೊತ್ತು. ಆರನೇ ತರಗತಿಯಲ್ಲಿ ಲೆಕ್ಕದಲ್ಲಿ ನಪಾಸಾದಾಗ ನಮ್ಮ ಮೆರ್ಲಿ ಅಂಕಪಟ್ಟಿಯ ಮೇಲೆ ಅಪ್ಪನ ಸಹಿಯನ್ನು ತಾನೇ ಹಾಕಿದ್ದಳಲ್ಲ. ಹೆಸರಿನ ಕೆಳಗಿನ ಗೆರೆಯನ್ನು ನಾನು ಎಡದಿಂದ ಎಳೆಯುತ್ತೇನೆ. ಅವಳು ಎಡಗೈಯವಳು, ಬಲದಿಂದ ಎಳೆದು ಸಿಕ್ಕಿಬಿದ್ದಳು. ರಸೀತಿಯಲ್ಲೂ ಗೆರೆ ಬಲದಿಂದಲೇ ಬಂದಿದೆ. ಟಗ್ಬಾಕ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳನ್ನು ಆ ಕೆಸರಿನಿಂದ ಎತ್ತಿ ತಂದು ನಾವು ಮಣ್ಣು ಮಾಡಿದ್ದು ಆರನೇ ತಾರೀಖು. ಒಂದನೇ ತಾರೀಖು ನಾನು ಕಾಗದ ತೆಗೆದುಕೊಂಡಿದ್ದರೆ ಶಾಲೆ ಮುಚ್ಚಿಸುತ್ತಿದ್ದರು. ಇದು ನನ್ನ ಸಹಿಯಲ್ಲ ಎಂದು ಆ ಅಂಕಪಟ್ಟಿಯ ದಿನ ಮಗುವಿನ ಕೈಮೇಲೆ ಬರೆ ಬರುವಂತೆ ಹೊಡೆದಿದ್ದೆ, ಕೊನ್ಸಿಂಗ್. ನಾಳೆ ನನ್ನದೇ ಅನ್ನುತ್ತೇನೆ.