ಹಲಗೆ ಕಾಯುವ ತೋಡು

ಡಿಸೆಂಬರ್ 9, ಮಂಗಳವಾರ. ಬಂಟ್ವಾಳ.

ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮೂರಿನ ಸಣ್ಣ ಹೊಳೆ, ಈ ತೋಡಿನ ಹೊಸ ಅಣೆಕಟ್ಟಿನ ಕಿಂಡಿಗಳಿಗೆ ಹಲಗೆ ಹಾಕದೆ ನೀರೆಲ್ಲ ನೇತ್ರಾವತಿಗೆ ಹರಿದುಹೋಗುತ್ತಿದೆ. ಬೇಸಿಗೆಗೆ ಇಲ್ಲಿ ಬಾವಿ ಬತ್ತುತ್ತದೆ, ಕೆಳಗೆ ಕಡಲು ಸೇರುವ ಅಳಿವೆಯ ಉಪ್ಪುನೀರು ಹೊಳೆಯಲ್ಲಿ ಮೇಲೇರುತ್ತದೆ. ಇಂದು ಜಲಾನಯನ ಸಮಿತಿಯ ಸಭೆಯಲ್ಲಿ ಕಾರಣ ಕೇಳಿದೆ.

“ಉದ್ಘಾಟನೆಗೆ ಅತಿಥಿಗಳ ಡೇಟ್ ಸಿಗ್ಲಿಲ್ಲ ಮೇಡಂ,” ಎಂದರು ಎಂಜಿನಿಯರ್.

“ನೀರಿಗೆ ಹೇಳಿದ್ದೀರಾ ಮಾರಾಯ್ರೆ, ಸ್ವಲ್ಪ ನಿಲ್ಲಲಿಕ್ಕೆ?” ಎಂದರು ನೆರೆಮನೆಯ ಶಶಿಪ್ರಭಕ್ಕ. ಎಲ್ಲರೂ ನಕ್ಕರು. ಅಷ್ಟಕ್ಕೇ ಸಭೆ ಮುಗಿಯಿತು.

ಕಳೆದ ವರ್ಷದವರೆಗೆ ಊರವರೇ ಸೇರಿ ತೋಡಿಗೆ ಅಡ್ಡಲಾಗಿ ಮಣ್ಣಿನ ಕಟ್ಟ ಹಾಕುತ್ತಿದ್ದೆವು. ಈಗ ಹಲಗೆ ಸರಕಾರದ್ದೆಂದು ಕೈಕಟ್ಟಿ ಕುಳಿತಿದ್ದೇವೆ. ಸಮಿತಿಯ ಅಧ್ಯಕ್ಷೆಯಾಗಿ ನಾನು ಯಾರ ಅನುಮತಿಗೆ ಕಾಯುತ್ತಿದ್ದೇನೆ?

ಈಗಷ್ಟೇ ಶಶಿಪ್ರಭಕ್ಕನಿಗೆ ಫೋನ್ ಮಾಡಿದೆ. “ನಾಳೆ ಬೆಳಿಗ್ಗೆ ನಾವೇ ಹಾಕುವ.”

“ಅತಿಥಿಗಳು ಬಂದರೆ?”

“ಅವರಿಗೊಂದು ಹಲಗೆ ಬಾಕಿ ಇಡುವ ಅಕ್ಕ. ಮೇಲಿನದ್ದು.”