ದೋಣಿಯ ಹಿಂದಿನ ಎಡ ಮೂಲೆ

ಧಾರೇಶ್ವರ
೨೬ ಮೇ ೨೦೨೪, ಭಾನುವಾರ

ಧನ್ಯಾಳ ಅಪ್ಪನಿಗೆ, ಶ್ರೀಗೌರಿ ಮಾಡುವ ನಮಸ್ಕಾರ.

ನಾವೆಲ್ಲ ಇಲ್ಲಿ ಕ್ಷೇಮ ಎಂದು ಮೊದಲು ಬರೆಯುವುದು ರೂಢಿ. ಅದನ್ನು ಕೊನೆಗೆ ಬರೆಯುತ್ತೇನೆ. ಈ ಕಾಲದಲ್ಲಿ ಗಂಡನಿಗೆ ಕಾಗದ ಬರೆಯುವವಳು ಯಾರಿದ್ದಾಳೆ ಎಂದು ನಗಬೇಡಿ. ಮಗಳ ಜೊತೆ ಅರ್ಧ ಗಂಟೆ ಮಾತಾಡುವ ನಿಮಗೆ, ಫೋನು ನನ್ನ ಕೈಗೆ ಬಂದ ಕೂಡಲೇ ಭಟ್ಕಳದಲ್ಲಿ ನೆಟ್‌ವರ್ಕ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ರೋಗವಿಲ್ಲ. ಬಸ್ಸಿನ ಕಂಡಕ್ಟರ್ ಶುಕ್ರನ ಹತ್ತಿರ ಕೊಟ್ಟು ಕಳಿಸುತ್ತಿದ್ದೇನೆ. ನಿಮ್ಮ ಕೈಗೇ ಕೊಡಬೇಕೆಂದು ಹೇಳಿದ್ದೇನೆ.

ನೀವು ಧನ್ಯಾಳಿಗೆ ಕಳಿಸಿದ ಎರಡು ಪಿಕಪ್ ಗಾಡಿಗಳ ಫೋಟೋ ನೋಡಿದೆ. ನನಗೆ ತೋರಿಸಬಾರದೆಂದು ಅವಳಿಗೆ ಹೇಳಿದ್ದಿರಂತೆ. ಹಾಗೆ ಹೇಳಿದ್ದನ್ನೂ ಅವಳು ಹೇಳಿದಳು. ಬಿಳಿ ಗಾಡಿ ಹೊಸದರ ಹಾಗೇ ಇದೆ, ಆದರೆ ಹಿಂದಿನ ಎರಡು ಚಕ್ರ ಮಾತ್ರ ಎಳೆಯುವಂಥದ್ದು. ಬೂದು ಬಣ್ಣದ್ದು ಹಳೆಯದು, ಬಾಗಿಲು ಜಜ್ಜಿಹೋಗಿದೆ, ಆದರೆ ಅದಕ್ಕೆ ನಾಲ್ಕೂ ಚಕ್ರ ಎಳೆಯುತ್ತವೆ. ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ನಿಮ್ಮ ಮನಸ್ಸು ಬಿಳಿಯದರ ಮೇಲಿದೆ ಎಂದು ಫೋಟೋ ನೋಡಿಯೇ ತಿಳಿಯಿತು. ಬೂದು ಗಾಡಿಯನ್ನು ದೂರದಿಂದ ತೆಗೆದಿದ್ದೀರಿ, ಬಿಳಿಯದನ್ನು ತೊಳೆದು ಒರೆಸಿ, ನೆರಳಿಗೆ ನಿಲ್ಲಿಸಿ ತೆಗೆದಿದ್ದೀರಿ. ನನ್ನನ್ನು ನೋಡಲು ಬಂದ ದಿನ ನಿಮ್ಮ ಕೂದಲಿಗೂ ಅಷ್ಟು ಉಪಚಾರ ಮಾಡಿರಲಿಲ್ಲ.

ನಿಮ್ಮ ವಾದ ನನಗೆ ಗೊತ್ತು. ವರ್ಷವೆಲ್ಲ ಗಾಡಿ ಮೀನು ಹೊತ್ತು ಹೆದ್ದಾರಿಯಲ್ಲಿ ಕುಮಟೆಗೂ ಭಟ್ಕಳಕ್ಕೂ ಓಡುತ್ತದೆ. ಅಲ್ಲಿ ನಾಲ್ಕು ಚಕ್ರ ಎಳೆಯುವ ಗಾಡಿ ಇದ್ದರೆ ಡೀಸೆಲ್ಲಿಗೆ ದಂಡ. ದೋಣಿಯನ್ನು ಮೇಲೆ ಎಳೆಯುವುದು ಮಳೆಗಾಲಕ್ಕೆ ಮೊದಲು ಒಂದು ದಿನ, ಮಳೆ ಕಡಿಮೆಯಾದ ಮೇಲೆ ಇಳಿಸುವುದು ಇನ್ನೊಂದು ದಿನ. ಅಷ್ಟಕ್ಕೆ ಟೈರಿನ ಗಾಳಿ ಸ್ವಲ್ಪ ಇಳಿಸಿ, ಅಡಿಗೆ ತೆಂಗಿನ ಮಡಲು ಹಾಸಿದರೆ ಸಾಕು. ಅದೂ ಸಾಲದಿದ್ದರೆ ನೂಕಲು ಹಿಂದೆ ಜನ ಇದ್ದಾರಲ್ಲ. ಹೋದ ವರ್ಷವೂ ಹೀಗೇ ಹೇಳಿದ್ದಿರಿ, ಹಿಂದೆ ಜನ ಇದ್ದಾರಲ್ಲ ಎಂದು.

ಆ ಜನರಲ್ಲಿ ಒಬ್ಬ ನನ್ನ ಒಡಹುಟ್ಟಿದ ವೆಂಕಟಣ್ಣ. ಬಾಡಿಗೆಗೆ ತಂದ ಆ ಪಿಕಪ್‌ನ ಹಿಂದಿನ ಚಕ್ರಗಳು ಒದ್ದೆ ಮರಳಿನಲ್ಲಿ ಬರೀ ತಿರುಗಿ, ಟ್ರಾಲಿ ಸಮೇತ ದೋಣಿ ಹಿಂದಕ್ಕೆ ಜಾರಿದಾಗ ಉಳಿದವರೆಲ್ಲ ಪಕ್ಕಕ್ಕೆ ಹಾರಿದರು. ಅಣ್ಣನ ಕಾಲು ಮರಳಿನಲ್ಲಿ ಹೂತಿತ್ತು. ಸ್ಟಿಯರಿಂಗ್ ಹಿಡಿದವರು ನೀವು. ಆಸ್ಪತ್ರೆಯಲ್ಲಿ ನೀವು ಒಂದೇ ಮಾತು ಆಡಿದಿರಿ, ಅವನು ನಿಂತಿದ್ದ ಆ ಎಡ ಮೂಲೆ ಕನ್ನಡಿಯಲ್ಲಿ ಕಾಣುವುದಿಲ್ಲ ಎಂದು. ಆಮೇಲೆ ನೀವು ಭಟ್ಕಳಕ್ಕೆ ಹೋದಿರಿ, ನಾನು ಅಣ್ಣನನ್ನು ನೋಡಿಕೊಳ್ಳಲು ಮಗಳ ಜೊತೆ ತವರಿಗೆ ಬಂದೆ. ಹೊನ್ನಾವರದ ನಮ್ಮ ಮನೆಯ ಬೀಗ ಈಗ ತುಕ್ಕು ಹಿಡಿದಿರಬೇಕು.

ಒಂದು ಮಾತು ನೇರವಾಗಿ ಬರೆಯುತ್ತೇನೆ, ಸಿಟ್ಟು ಬಂದರೂ ಪೂರ್ತಿ ಓದಿ. ನೀವು ಬಿಳಿ ಗಾಡಿ ತರುತ್ತಿರುವುದು ಡೀಸೆಲ್ ಉಳಿಸಲಿಕ್ಕಲ್ಲ. ಬೂದು ಗಾಡಿ ತಂದರೆ ಊರವರು, ಓಹೋ, ಹೋದ ವರ್ಷದ ಗಾಡಿ ತಾಳುವುದಿಲ್ಲ ಎಂದು ಮೋಹನನಿಗೆ ಗೊತ್ತಿತ್ತು ಎನ್ನುತ್ತಾರೆ ಎಂಬ ಹೆದರಿಕೆ ನಿಮಗೆ. ಅಂಥದ್ದೇ ಗಾಡಿಯಲ್ಲಿ ಈ ವರ್ಷ ದೋಣಿ ಸುಸೂತ್ರವಾಗಿ ಮೇಲೆ ಬಂದರೆ, ಹೋದ ವರ್ಷದ್ದು ಬರೀ ಗ್ರಹಚಾರ ಎಂದಾಗುತ್ತದೆ. ಇಲ್ಲಿ ಯಾರೂ ನಿಮ್ಮನ್ನು ಬೈಯುವುದಿಲ್ಲ. ಅಣ್ಣ ಇವತ್ತಿನವರೆಗೂ ಭಾವನ ತಪ್ಪು ಎಂದು ಒಮ್ಮೆಯೂ ಹೇಳಿಲ್ಲ. ನಾನು ಹೇಳಿದ್ದೇನೆ, ಆದರೆ ಒಬ್ಬಳೇ ಇದ್ದಾಗ.

ಗಾಡಿಯ ವಿಷಯ ನನಗೆ ತಿಳಿಯುವುದಿಲ್ಲ ಎನ್ನುತ್ತೀರಿ. ಕಣ್ಣಾರೆ ಕಂಡದ್ದು ತಿಳಿಯುತ್ತದೆ. ಅಂದು ನಿಮ್ಮ ಗಾಡಿಯ ಹಿಂದಿನ ಚಕ್ರಗಳು ನೀರಿನ ಅಂಚಿನಲ್ಲಿ ಹುಚ್ಚು ಹಿಡಿದ ಹಾಗೆ ತಿರುಗುತ್ತಿದ್ದವು. ಮುಂದಿನವು ಮೇಲೆ ಗಟ್ಟಿ ನೆಲದ ಮೇಲೆ ಸುಮ್ಮನೆ ಕೂತಿದ್ದವು, ಊಟಕ್ಕೆ ಬಂದ ನೆಂಟರ ಹಾಗೆ. ಅವೂ ಎಳೆದಿದ್ದರೆ ಅಣ್ಣ ಇವತ್ತು ಎರಡು ಕಾಲಿನ ಮೇಲೆ ನಡೆಯುತ್ತಿದ್ದ.

ಈ ಸಲ ದಂಡೆ ಇನ್ನೂ ಕೆಟ್ಟಿದೆ. ಕಡಲು ಮರಳನ್ನು ಕಡಿದು ಇಳಿಜಾರನ್ನು ಗೋಡೆಯ ಹಾಗೆ ಮಾಡಿಟ್ಟಿದೆ. ಅಡಿಯ ಕಲ್ಲುಗಳೆಲ್ಲ ಹೊರಗೆ ಬಿದ್ದು ಪಾಚಿ ಹಿಡಿದಿವೆ. ನೀರಿನ ಬಣ್ಣ ಆಗಲೇ ಬದಲಾಗಿದೆ, ಸಂಜೆಯಾದರೆ ದಡದ ಸದ್ದು ಒಳಗಿನ ಕೋಣೆಯ ತನಕ ಬರುತ್ತದೆ. ಬರುವ ಶುಕ್ರವಾರ ದೋಣಿ ಎಳೆಯುವುದೆಂದು ದೋಣಿಯ ಹಿರಿಯ ರಮಾನಂದಣ್ಣ ಹೇಳಿಯಾಗಿದೆ. ನೀವು ಹೊಸ ಗಾಡಿ ತರುತ್ತೀರೆಂದು ಎಲ್ಲರೂ ಕಾಯುತ್ತಿದ್ದಾರೆ.

ನಾನು ರಮಾನಂದಣ್ಣನ ಮನೆಗೆ ಹೋಗಿ, ಈ ಸಲ ಯಾರನ್ನೂ ದೋಣಿಯ ಹಿಂದೆ ನಿಲ್ಲಿಸಬೇಡ ಎಂದು ಕೇಳಿಕೊಂಡೆ. ಅವನು ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿದು ಬಂದು, "ಎಂತ ಮಾತು ತಂಗಿ, ಮನೆಗೊಂದು ಕೈ ಹಚ್ಚದೇ ದೋಣಿ ಮೇಲೆ ಬಂದ್ರೆ ಆಮೇಲೆ ಮೀನಿನ ಪಾಲು ಯಾವ ಬಾಯಲ್ಲಿ ಕೇಳೂದು?" ಎಂದ. ನಿಮಗೆ ಗೊತ್ತೇ ಇದೆಯಲ್ಲ, ದೋಣಿಯ ಮನೆಗಳಿಗೆಲ್ಲ ಅದರ ಸುತ್ತ ಒಂದೊಂದು ಜಾಗ, ಅಜ್ಜಂದಿರ ಕಾಲದಿಂದ. ಕೈ ಹಚ್ಚಿದ ಮನೆಗೆ ಪಾಲು, ಹಚ್ಚದ ಮನೆಗೆ ಇಲ್ಲ. ದೋಣಿ ಎಳೆಯಲು ಗಾಡಿ ಬಂದಾಗ ಮುಂದೆ ಹಗ್ಗ ಎಳೆಯುತ್ತಿದ್ದವರು ಹಗ್ಗ ಬಿಟ್ಟು ಬದಿಗೆ ನಿಂತರು. ಹಿಂದೆ ನೂಕುತ್ತಿದ್ದವರು ಮಾತ್ರ ತಮ್ಮ ಜಾಗ ಬಿಡಲಿಲ್ಲ, ಬಿಡಿ ಎಂದು ಯಾರೂ ಹೇಳಲೂ ಇಲ್ಲ. ನಮ್ಮ ಮನೆಯದು ಹಿಂದಿನ ಎಡ ಮೂಲೆ.

ಆದರೂ ಅಷ್ಟಕ್ಕೇ ಬಿಡಲಿಲ್ಲ ನಾನು. ಕೊನೆಗೆ ರಮಾನಂದಣ್ಣ ಒಂದು ಮಾತು ಕೊಟ್ಟ. ನಾಲ್ಕೂ ಚಕ್ರ ಎಳೆಯುವ ಗಾಡಿ ಬಂದರೆ ಹಿಂದಿನವರು ಶಾಸ್ತ್ರಕ್ಕೆ ದೋಣಿ ಮುಟ್ಟಿ, ಎಳೆಯಲು ಶುರುವಾಗುವ ಮೊದಲೇ ಬದಿಗೆ ಬರಬಹುದು, ಪಾಲಿಗೆ ಅಡ್ಡಿ ಇಲ್ಲ. ಹಳೇ ನಮೂನೆಯ ಗಾಡಿಯಾದರೆ ಕೊನೆಯ ತನಕ ನೂಕಲೇಬೇಕು. ಅಂದರೆ ಶುಕ್ರವಾರ ಹಿಂದೆ ನಿಂತವರು ಮನೆಗೆ ಬರುವುದೂ ಬಿಡುವುದೂ ಭಟ್ಕಳದಲ್ಲಿ ನೀವು ಯಾವ ಗಾಡಿಯ ಕೀಲಿ ತೆಗೆದುಕೊಳ್ಳುತ್ತೀರಿ ಎಂಬುದರ ಮೇಲೆ ನಿಂತಿದೆ.

ಮೊನ್ನೆ ಅಣ್ಣ ಊರುಗೋಲು ಹಿಡಿದು ಒಬ್ಬನೇ ದಂಡೆಗೆ ಹೋಗಿದ್ದ. ನಾನು ಹುಡುಕಿಕೊಂಡು ಹೋದರೆ, ದೋಣಿಯ ಎಡ ಮೂಲೆಗೆ ಹೆಗಲು ಕೊಟ್ಟು ನಿಂತಿದ್ದ, ನೂಕುವವನ ಹಾಗೆ. ಕಾಲು ಗಡಗಡ ನಡುಗುತ್ತಿತ್ತು. "ಪಾಲು ಬಿಡೂಕೆ ಆಗ್ತದಾ? ನಾನೇ ನಿಲ್ತೆ, ಆತಲ್ಲ" ಎಂದ. ಅದನ್ನು ಕೇಳಿ ನನ್ನ ಹೆತ್ತ ಆಯಿ ಅವತ್ತು ಊಟ ಮಾಡಲಿಲ್ಲ. ನನಗೆ ಅಷ್ಟು ಹೆದರಿಕೆ ಹೋದ ವರ್ಷ ಆಸ್ಪತ್ರೆಯಲ್ಲೂ ಆಗಿರಲಿಲ್ಲ.

ನೀವು ಗಾಬರಿಯಾಗಬೇಡಿ, ಅಣ್ಣ ನಿಲ್ಲುವುದಿಲ್ಲ. ನಮ್ಮ ಮನೆಯ ಕೈಗೆ ಬೇರೆ ವ್ಯವಸ್ಥೆ ಆಗಿದೆ. ಯಾರು ಎಂದು ಕೇಳಲು ಫೋನು ಮಾಡಬೇಡಿ, ನನ್ನ ಕಡೆಯೂ ನೆಟ್‌ವರ್ಕ್ ಇರುವುದಿಲ್ಲ.

ಬೂದು ಗಾಡಿಯನ್ನೇ ತನ್ನಿ. ಬಾಗಿಲು ಜಜ್ಜಿದ್ದರೆ ಇರಲಿ, ನಿಮ್ಮ ಜೊತೆ ಅದರಲ್ಲಿ ಕೂತು ಹೊನ್ನಾವರದ ಮನೆಗೆ ಬರಲು ನನಗೆ ನಾಚಿಕೆಯಿಲ್ಲ. ಒಂದು ವರ್ಷದಿಂದ ನಿಮ್ಮ ಮೇಲೆ ಸಿಟ್ಟಿದೆ, ನೀವಿಲ್ಲದೆ ಈ ತವರುಮನೆಯೂ ಬಿಕೋ ಎನ್ನುತ್ತದೆ, ಎರಡೂ ನಿಜ.

ಈಗ ಆ ರೂಢಿಯ ಮಾತು. ನಾವೆಲ್ಲ ಇಲ್ಲಿ ಕ್ಷೇಮ, ಶುಕ್ರವಾರದ ತನಕ.

ನಿಮ್ಮ,
ಶ್ರೀಗೌರಿ

ತಾ.ಕ.: ಕಾಗದ ಮಡಚುವಾಗ ಧನ್ಯಾ ಬಂದು, ಅಪ್ಪ ಬಿಳಿ ಗಾಡಿಗೇ ಮಾತು ಕೊಟ್ಟರಂತೆ ಎಂದಳು. ಮಾತು ತಾನೇ, ಗಾಡಿ ಇನ್ನೂ ಅಂಗಡಿಯಲ್ಲೇ ಇದೆ. ಎಡ ಮೂಲೆಗೆ ನಿಲ್ಲುವವಳು ನಾನು. ರಮಾನಂದಣ್ಣ ಒಪ್ಪಿದ್ದಾನೆ, ಅಣ್ಣನಿಗೂ ಆಯಿಗೂ ಹೇಳಿಲ್ಲ. ಗೇರು ಹಾಕುವಾಗ ಕನ್ನಡಿಯಲ್ಲಿ ನನ್ನನ್ನು ಹುಡುಕಬೇಡಿ, ಆ ಮೂಲೆ ಕಾಣುವುದಿಲ್ಲ.